ಮುತ್ತಜ್ಜನ ವಹಿಯಲ್ಲಿ ಮನೆ ಕಟ್ಟಿದ ಲೆಕ್ಕ: ಇಷ್ಟೊಂದು ಬೆಲ್ಲ ಯಾಕೆ?

ಕೆರೆಮೂಲೆ ಮಾಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳಗೆ ಸಿಗುತ್ತದೆ. ಹಿಂದಿನ ಭಾಗ ಇನ್ನೊಂದು ಮಳೆಗಾಲ ತಡೆಯುವ ಹಾಗಿಲ್ಲ. ಒಡೆದು ಸ್ಲ್ಯಾಬ್ ಹಾಕೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಅದಕ್ಕೇ ಅಟ್ಟ ಖಾಲಿ ಮಾಡುತ್ತಿದ್ದೆ. ಹೊಗೆ ಹಿಡಿದ ಒಂದು ಮರದ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಮೂರು ವಹಿ, ಅಂದರೆ ಲೆಕ್ಕದ ಪುಸ್ತಕ, ಸಿಕ್ಕವು. ಮೊದಲನೆಯದರ ಮೇಲೆ 'ಪರಿಧಾವಿ ಸಂವತ್ಸರ, ಕಿರ್ದಿ' (ದಿನದ ಲೆಕ್ಕ) ಅಂತ ಇದೆ. ಒಳಗೆ ಅಡಿಕೆ, ಅಕ್ಕಿ, ಆಳು, ಗಾಡಿ ಎಲ್ಲ ಒಟ್ಟಿಗೆ. 'ಮನೆ ಕಟ್ಟಿದ ಲೆಕ್ಕ' ಅಂತ ಬೇರೆ ಪುಟವೇ ಇಲ್ಲ. ಆದರೆ ಹೆಂಚು, ಸುಣ್ಣ, ಚಿರೆಕಲ್ಲು (ಕೆಂಪು ಮುರಕಲ್ಲು), ಆಚಾರಿ ಕೂಲಿ ಅಂತ ಅಲ್ಲಲ್ಲಿ ಬರುತ್ತದೆ.

ನಂಗೆ ತಲೆ ಕೆಟ್ಟಿದೆ. ಗೊತ್ತಿದ್ದವರು ಹೇಳಿ.

ಒಂದು, ನಮ್ಮ ಮನೆಯಲ್ಲಿ ಎಲ್ಲರೂ ಇದು 1865ರ ಮನೆ ಅನ್ನುತ್ತಾರೆ. ಹೆಂಚಿನ ಅಡಿಗೆ ಹಾಗೇ ಅಚ್ಚಾಗಿದೆ. ಹಾಗಾದರೆ ವಹಿಯಲ್ಲಿ ಇರುವುದು ಯಾವ ಮನೆ? ಎರಡು, ಕುಮಟಾದಿಂದ ಬಂದ ಗಾಡಿ ಬಾಡಿಗೆ ಒಂದಕ್ಕೆ '೨|||'. ಎರಡು ಸಾವಿರದ ನೂರಾ ಹನ್ನೊಂದು ರೂಪಾಯಿಯಾ? ನಾನು ಎಕ್ಸೆಲ್‌ನಲ್ಲಿ ಹಾಕಿ ಕೂಡಿದೆ, ಮನೆ ಖರ್ಚು ಲಕ್ಷ ದಾಟಿತು. ಮೂರು, ಮಾಘದಲ್ಲಿ ಆರು ಮಣ ಬೆಲ್ಲ ತಂದಿದ್ದಾರೆ. ಮದುವೆ ಇಲ್ಲ, ಮುಂಜಿ ಇಲ್ಲ. ನಾಲ್ಕು, ಮೊದಲ ಪುಟದಲ್ಲಿ '೧೩ × ೧೧ ಗಜಾಯ' ಅಂತ ಇದೆ. ಗಜ ಅಂದರೆ ಮೂರು ಅಡಿ ಅಲ್ವಾ? ಹಾಗೆ ಲೆಕ್ಕ ಹಾಕಿದರೆ ಮನೆ ಅಂಗಳದಾಚೆ ಕೆರೆಗೆ ಹೋಗಿ ಬೀಳುತ್ತದೆ. ಕೊನೆಯದು, 'ಹಸ್ತೆ' ಅನ್ನುವ ಒಬ್ಬ ಮನುಷ್ಯ ಎಲ್ಲಾ ಪುಟದಲ್ಲೂ ದುಡ್ಡು ತಗೊಂಡಿದ್ದಾನೆ. ಯಾರಿವನು?

ಸುಮ್ನೆ ಓದೋನು

ಹಸ್ತೆಯವರನ್ನು ಹುಡುಕಿ ಮೊದಲು ದುಡ್ಡು ವಾಪಸ್ ಕೇಳಿ 😄

ವಖಾರಿ ಗುಮಾಸ್ತ

ಮಾಣಿ, ಎಕ್ಸೆಲ್ ಮುಚ್ಚು. ನಾನು ನಲವತ್ತು ವರ್ಷ ಅಡಿಕೆ ವಖಾರಿಯಲ್ಲಿ (ದಾಸ್ತಾನು ಮಳಿಗೆಯಲ್ಲಿ) ಲೆಕ್ಕ ಬರೆದವನು. ಕೆಲಸಕ್ಕೆ ಸೇರಿದಾಗ ಹಳೇ ಗುಮಾಸ್ತರು ಇನ್ನೂ ಹೀಗೇ ಬರೆಯುತ್ತಿದ್ದರು.

ಆ ನಿಂತ ಗೆರೆ ಒಂದಲ್ಲ, ಕಾಲು. ಒಂದು ಗೆರೆ ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ರೂಪಾಯಿಗೆ 16 ಆಣೆ, ಅಂದರೆ ನಿಂತ ಗೆರೆ ಒಂದಕ್ಕೆ 4 ಆಣೆ. ಮಲಗಿದ ಗೆರೆ ಇದ್ದರೆ ಅದು ಒಂದೊಂದು ಆಣೆ. '೫||=' ಅಂದರೆ 5 ರೂಪಾಯಿ 10 ಆಣೆ. ಆಣೆಗೆ 12 ಪೈ, ಅದನ್ನು ಮುಂದೆ ಬೇರೆ ಬರೆಯುತ್ತಿದ್ದರು. ನಿನ್ನ '೨|||' ಎರಡು ರೂಪಾಯಿ ಹನ್ನೆರಡು ಆಣೆ.

ನನ್ನ ಮಾತು ನಂಬಬೇಡ, ವಹಿಯನ್ನೇ ಕೇಳು. ಎಷ್ಟು ಗಾಡಿ, ಒಟ್ಟು ಎಷ್ಟು ಅಂತ ಪಕ್ಕದಲ್ಲಿ ಇರಬೇಕು.

ಇನ್ನು 'ಹಸ್ತೆ' ಮನುಷ್ಯನಲ್ಲ. ಇಂಥವರ ಕೈಯಲ್ಲಿ ಕೊಟ್ಟದ್ದು ಅಂತ. 'ಹಸ್ತೆ ಭಟ್ಟರು' ಅಂದರೆ ಭಟ್ಟರ ಕೈಯಲ್ಲಿ ಕಳಿಸಿದ್ದು. ಎಷ್ಟೋ ಕಡೆ ಬರೀ 'ಹ॥' ಅಂತ ಹಾಕಿರುತ್ತಾರೆ.

ಕೆರೆಮೂಲೆ ಮಾಣಿ

ಗುಮಾಸ್ತರೇ, ಈಗಷ್ಟೇ ನೋಡಿದೆ. 'ಹೆಂಚು ನಗ ೨೪೦೦, ಗಾಡಿ ೧೨, ದರ ೨|||, ಒಟ್ಟು ೩೩'. ಹನ್ನೆರಡು ಗಾಡಿ ಎರಡೂಮುಕ್ಕಾಲರಂತೆ ಮೂವತ್ತಮೂರೇ! ಒಟ್ಟು ಪಕ್ಕದಲ್ಲೇ ಇತ್ತು, ನಾನು ನೋಡಿರಲಿಲ್ಲ. ಲಕ್ಷದ ಮನೆ ಒಂದೇ ಏಟಿಗೆ ಸಾವಿರದ ಒಳಗೆ ಇಳಿಯಿತು.

ಹೆಂಚಿನ ಹುಚ್ಚ

2400 ಹೆಂಚು ಅಂದರೆ ಒಳ್ಳೇ ದೊಡ್ಡ ಮಾಡು (ಛಾವಣಿ). ನೂರು ಚದರಡಿಗೆ ಹತ್ತಿರ ಹತ್ತಿರ 150 ಹೆಂಚು ಬೇಕು. ಹಾಗಾಗಿ 1600 ಚದರಡಿ ಮಾಡು. ಗಾಡಿಗೆ 200 ಹೆಂಚು ಬಿತ್ತು. ಒಂದು ಹೆಂಚು ಎರಡೂವರೆ ಕಿಲೋ ಮೇಲೆಯೇ ತೂಗುತ್ತದೆ. ದೇವಿಮನೆ ಘಟ್ಟ ಹತ್ತಿಸಬೇಕಲ್ಲ, ಎತ್ತಿಗೆ ಅದಕ್ಕಿಂತ ಹೇರಿದರೆ ಆಗುತ್ತಿರಲಿಲ್ಲ.

ಇನ್ನು 1865. ಇದು ನಮ್ಮ ಜಿಲ್ಲೆಯ ಅರ್ಧ ಹಳೇ ಮನೆಗಳ ಕಥೆ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಆ ಇಸವಿಯನ್ನೇ ಅಚ್ಚಿನಲ್ಲಿ ಹಾಕಿದರು. ಅದು ಕಾರ್ಖಾನೆ ಹುಟ್ಟಿದ ವರ್ಷ. ನಿಮ್ಮ ಹೆಂಚು ಸುಟ್ಟ ವರ್ಷವೂ ಅಲ್ಲ, ಮನೆ ಕಟ್ಟಿದ ವರ್ಷವೂ ಅಲ್ಲ. ಇದೊಂದು ಹೆಂಚಿನಿಂದ ಎಷ್ಟು ಮನೆಗೆ 'ನೂರೈವತ್ತು ವರ್ಷದ ಮನೆ' ಅನ್ನುವ ಹೆಸರು ಬಂದಿದೆಯೋ ದೇವರಿಗೇ ಗೊತ್ತು.

ಪರಿಧಾವಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1852, 1912, 1972. 1852ರಲ್ಲಿ ಮಂಗಳೂರು ಹೆಂಚೇ ಇರಲಿಲ್ಲ. 1972ರಲ್ಲಿ ಆಣೆ ಇರಲಿಲ್ಲ, 1957ಕ್ಕೇ ನಯಾಪೈಸೆ ಬಂತು. ಉಳಿದದ್ದು 1912. ಶಕೆ 1834 ಅಂತ ಎಲ್ಲಾದರೂ ಬರೆದಿದೆಯಾ ನೋಡಿ. ಶಕೆಗೆ 78 ಕೂಡಿದರೆ ಇಸವಿ. ಆದರೆ ಮಾಘದ ಖರ್ಚು ಅಂದಿರಲ್ಲ, ಅದು 1913ರ ಫೆಬ್ರವರಿ ಸುಮಾರಿಗೆ ಬೀಳುತ್ತದೆ. ಸಂವತ್ಸರ ಬದಲಾಗುವುದು ಯುಗಾದಿಗೆ. ಇಲ್ಲಿ ಬಹಳ ಜನ ತಪ್ಪುತ್ತಾರೆ.

ಅಘನಾಶಿನಿ ದಂಡೆ

ಬೆಲ್ಲದ ಪ್ರಶ್ನೆ ನನಗೆ ಬಿಡಿ. ನಾವು ಕುಮಟಾದವರು, ಸುಣ್ಣದವರ ಕೇರಿ ಪಕ್ಕದಲ್ಲೇ ಬೆಳೆದವರು.

ಆ ಬೆಲ್ಲ ತಿಂದದ್ದಲ್ಲ, ಗೋಡೆಗೆ ಹೋದದ್ದು. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿ ರಾಶಿ ರಾಶಿ ಸಿಗುತ್ತಿತ್ತು. ಅದನ್ನು ಗೂಡಿನಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿ, ಮರಳು ಸೇರಿಸಿ ಅರೆಯುತ್ತಿದ್ದರು. ಅದೇ ಗಾರೆ. ದೊಡ್ಡ ಕೆಲಸ ಆದರೆ ಎತ್ತು ಕಟ್ಟಿ ಗಾಣದಲ್ಲೇ ಅರೆಯುವುದು. ಅದಕ್ಕೆ ಬೆಲ್ಲದ ನೀರು ಹಾಕುತ್ತಿದ್ದರು. ಬೆಲ್ಲ ಬಿದ್ದರೆ ಗಾರೆ ಮೆದುವಾಗಿ ಹರಡುತ್ತದೆ, ಬೇಗ ಗಟ್ಟಿಯಾಗುವುದಿಲ್ಲ, ನಿಧಾನಕ್ಕೆ ಕೂರುತ್ತದೆ. ಅವಸರಕ್ಕೆ ಒಣಗಿದ ಗಾರೆ ಬಿರಿಯುತ್ತದೆ. ನಮ್ಮ ಅಜ್ಜಿ ಹೇಳುತ್ತಿದ್ದರು, ಗಾರೆ ಕೆಲಸ ನಡೆಯುವಾಗ ಮಕ್ಕಳಿಗೆ ಕಾವಲು ಹಾಕಬೇಕಿತ್ತಂತೆ. ಸುಣ್ಣಕ್ಕಲ್ಲ, ಬೆಲ್ಲದ ಹಂಡೆಗೆ.

ವಹಿಯಲ್ಲಿ ಅದೇ ತಿಂಗಳು ಸುಣ್ಣ ಇದೆಯಾ ನೋಡಿ. ಇದ್ದರೆ ಸಂಶಯವೇ ಬೇಡ.

ಕೆರೆಮೂಲೆ ಮಾಣಿ

ಇದೆ! 'ಚಿಪ್ಪಿ ಸುಣ್ಣ, ಕುಮಟೆಯಿಂದ' ಅಂತ ಬೆಲ್ಲದ ಹಿಂದಿನ ಸಾಲಿನಲ್ಲೇ. ನಾನು ವೀಳ್ಯಕ್ಕೆ ಅಂದುಕೊಂಡಿದ್ದೆ. ಆರು ಮಣ ಅಂದರೆ ಎಷ್ಟು ಕಿಲೋ?

ವಖಾರಿ ಗುಮಾಸ್ತ

ಅದೇ ಕಷ್ಟ. ಮಣ ಊರಿಗೊಂದು, ಸರಕಿಗೊಂದು. ರೈಲ್ವೆ ಮಣ ಅಂದರೆ 40 ಸೇರು, ಈಗಿನ 37 ಕಿಲೋ ಚಿಲ್ಲರೆ. ಮುಂಬೈ ಮಣ ಅಂದರೆ 28 ಪೌಂಡು, ಹನ್ನೆರಡೂವರೆ ಕಿಲೋ ಮೇಲೆ. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1862ರಿಂದ 1956ರವರೆಗೂ. ಹಾಗಂತ ಪೇಟೆಯಲ್ಲಿ ಯಾವ ಮಣ ನಡೆಯುತ್ತಿತ್ತು ಅಂತ ಕುರುಡಾಗಿ ಹೇಳಬಾರದು. ಸಣ್ಣ ಮಣವಾದರೆ ನಿಮ್ಮ ಬೆಲ್ಲ ಒಟ್ಟು 76 ಕಿಲೋ, ದೊಡ್ಡದಾದರೆ 220ರ ಮೇಲೆ. ವಹಿಯಲ್ಲಿ ಒಂದೇ ಸರಕು ಒಮ್ಮೆ ಮಣದಲ್ಲಿ, ಒಮ್ಮೆ ಸೇರಿನಲ್ಲಿ ಬಂದಿರುತ್ತದೆ. ಎರಡರ ದರ ತಾಳೆ ಹಾಕಿ ನೋಡು, ಮಣಕ್ಕೆ ಎಷ್ಟು ಸೇರು ಅಂತ ಸಿಗುತ್ತದೆ.

ಕಾಳಿನದಿ

ಕಾರವಾರದಿಂದ. ನಮ್ಮ ಮನೆ ಮಾತು ಕೊಂಕಣಿ, ಅಜ್ಜನ ಲೆಕ್ಕ ಅರ್ಧ ಮೋಡಿಯಲ್ಲಿ (ಮರಾಠಿಯ ಹಳೇ ಲಿಪಿ). ನಮ್ಮಲ್ಲಿ ಓದಲು ಯಾರಿಗೂ ಬರುವುದಿಲ್ಲ, ನಿಮ್ಮದು ಕನ್ನಡದಲ್ಲಿದೆಯಲ್ಲ, ಪುಣ್ಯವಂತರು. ನಮ್ಮಲ್ಲೂ ಚಿರೆಕಲ್ಲಿನದೇ ಮನೆ. ಅಗೆಯುವಾಗ ಕೊಡಲಿಯಲ್ಲೇ ಕೆತ್ತಬಹುದು, ಗಾಳಿ ತಾಗಿದ ಮೇಲೆ ಗಟ್ಟಿ. ಕಡಿದ ಕಲ್ಲನ್ನು ಒಂದು ವರ್ಷ ಹಾಗೇ ಬಿಟ್ಟು ಆಮೇಲೆ ಕಟ್ಟುತ್ತಿದ್ದರು. ಹಾಗಾಗಿ ಕಲ್ಲಿನ ಖರ್ಚು ಗೋಡೆ ಖರ್ಚಿಗಿಂತ ಹಿಂದಿನ ವರ್ಷದಲ್ಲಿ ಇರಬಹುದು. ಪರಿಧಾವಿಗಿಂತ ಹಿಂದಿನ ವಹಿ ಏನಾದರೂ ಇತ್ತಾ?

ಸುಮ್ನೆ ಓದೋನು

ನಮ್ಮ ಸಾಗರದ ಕಡೆ ಅದಕ್ಕೆ ಜಂಬಿಟ್ಟಿಗೆ ಅಂತಾರೆ.

ಕಾಳಿನದಿ

ಏನಾದರೂ ಅನ್ನಿ, ಈಗ ತೆಗೆಯಲು ಹೋದರೆ ಪರವಾನಗಿ ಕೇಳುತ್ತಾರೆ.

ತವರು ಸಿದ್ದಾಪುರ

ಎಲ್ಲರೂ ಖರ್ಚಿನ ಕಡೆಯೇ ನೋಡುತ್ತಿದ್ದೀರಿ. ತಮ್ಮಾ, ಎಡಗಡೆ ಜಮಾ ಪುಟದಲ್ಲಿ ಏನಿದೆ? ಮನೆ ಕಟ್ಟಲು ದುಡ್ಡು ಎಲ್ಲಿಂದ ಬಂತು ಅಂತ ಅಲ್ಲಿ ಗೊತ್ತಾಗುತ್ತದೆ. ನಮ್ಮ ತವರಿನ ವಹಿಯಲ್ಲಿ ಅಜ್ಜಿಯ ಹೆಸರು ಒಂದು ಕಡೆಯೂ ಇಲ್ಲ, ಅಜ್ಜಿಯ ಬಳೆ ಮಾತ್ರ ಮೂರು ಕಡೆ ಇದೆ.

ಕೆರೆಮೂಲೆ ಮಾಣಿ

ಅಕ್ಕಾ, ನಿಮ್ಮ ಮಾತು ಕೇಳಿ ನೋಡಿದೆ. ಫಾಲ್ಗುಣದಲ್ಲಿ 'ಕಂಠಿ ಅಡವು ಬಗ್ಗೆ ಜಮಾ ೬೦'. ಕಂಠಿ ಅಂದರೆ ಕೊರಳಿನ ಬಂಗಾರದ ಸರ. ಮುಂದಿನ ಪುಷ್ಯದಲ್ಲಿ 'ಕಂಠಿ ಬಿಡಿಸಿದ ಬಗ್ಗೆ ಖರ್ಚು ೬೬'. ಮುಗಿಯಿತು ಅಂದುಕೊಂಡರೆ ಮತ್ತೆ ಫಾಲ್ಗುಣಕ್ಕೆ ಅದೇ ಕಂಠಿ ಅಡವು. ಮೂರು ವಹಿಯಲ್ಲಿ ಒಟ್ಟು ಐದು ಸಲ ಹೋಗಿ ಬಂದಿದೆ. ಕಂಠಿ ಮನೆಯಲ್ಲಿದ್ದದ್ದು ವರ್ಷಕ್ಕೆ ಎರಡೇ ತಿಂಗಳು. ಆಯಿಯ ಹತ್ರ ಕೇಳಿದೆ, ಈಗ ಆ ಕಂಠಿ ಇಲ್ಲ, ಯಾರ ಪಾಲಿಗೆ ಹೋಯಿತೋ ಅವರಿಗೂ ಗೊತ್ತಿಲ್ಲ.

ವಖಾರಿ ಗುಮಾಸ್ತ

ಹತ್ತು ತಿಂಗಳಿಗೆ ಅರವತ್ತಕ್ಕೆ ಆರು ರೂಪಾಯಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಲೆಕ್ಕ ಸರಿ ಇದೆ.

ಇದರಲ್ಲಿ ಇನ್ನೊಂದು ಕಾಣುತ್ತದೆ. ಕೊನೆಕೊಯ್ಲು ಆಗಿ ಅಡಿಕೆ ಮಾರಿದ ದುಡ್ಡು ಬರುವುದು ಪುಷ್ಯ, ಮಾಘದ ಹೊತ್ತಿಗೆ. ಆಗ ಕಂಠಿ ಬಿಡಿಸುತ್ತಾರೆ. ಆ ದುಡ್ಡು ಕೆಲಸದವರಿಗೆ ಮುಗಿಯುತ್ತಿದ್ದಂತೆ ಮತ್ತೆ ಇಡುತ್ತಾರೆ. ಕೆಲಸ ನಡೆಯುವುದು ಮಾಘದಿಂದ ವೈಶಾಖದವರೆಗೆ, ಮಳೆ ಬಂದರೆ ನಿಲ್ಲುತ್ತದೆ. ಆ ಕಾಲದಲ್ಲಿ ತೋಟಿಗರ ಕೈಗೆ ಸಾಲ ಕೊಡಲು ಸಾಹುಕಾರ ಬಿಟ್ಟರೆ ಬೇರೆ ಯಾರಿದ್ದರು? ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಆದದ್ದೇ 1923ರಲ್ಲಿ.

ಹಳೇ ದಸ್ತಾವೇಜು

ನಾನು ದಸ್ತಾವೇಜು ಬರೆದು ಹೊಟ್ಟೆ ಹೊರೆದವನು. ವಹಿ ಜೊತೆಗೆ ಕಚೇರಿ ಕಾಗದವನ್ನೂ ನೋಡಿ.

ಬಂಗಾರದ ಅಡವಿಗೆ ನೋಂದಣಿ ಇಲ್ಲ, ಅದು ವಹಿಯಲ್ಲಿ ಮಾತ್ರ ಸಿಗುತ್ತದೆ. ಆದರೆ ತೋಟವನ್ನು ನೂರು ರೂಪಾಯಿ ಅಥವಾ ಮೇಲ್ಪಟ್ಟು ಅಡವು ಇಟ್ಟಿದ್ದರೆ ನೋಂದಣಿ ಆಗಿರಲೇಬೇಕು. ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ಇರುತ್ತದೆ. ಹೆಸರಿನ ಮೇಲೆ ಒಂದು ಸೂಚಿ, ಆಸ್ತಿಯ ಮೇಲೆ ಒಂದು ಸೂಚಿ. ವರ್ಷ ಗೊತ್ತಿದ್ದರೆ ಹುಡುಕುವುದು ಸುಲಭ, ಗೊತ್ತಿಲ್ಲದಿದ್ದರೆ ಪ್ರತಿ ವರ್ಷಕ್ಕೂ ಶುಲ್ಕ ಕಟ್ಟಬೇಕು. ಈಗ ನಿಮಗೆ 1912ರಿಂದ ಅಂತ ಗೊತ್ತಾಯಿತಲ್ಲ.

ಉತಾರದಲ್ಲಿ (ಪಹಣಿಯಲ್ಲಿ) ಮನೆ ಹುಡುಕಬೇಡಿ. ನಮ್ಮ ಕಡೆ ಮನೆ ತೋಟದ ಪಕ್ಕದ ಸ್ವಂತ ಜಾಗದಲ್ಲೇ ಇರುತ್ತದೆ. ಸರ್ವೆ ನಂಬರ್, ಆಕಾರ (ಕಂದಾಯ), ಹೆಸರು ಸಿಗುತ್ತದೆ, ಮನೆಯ ಬಗ್ಗೆ ಒಂದಕ್ಷರ ಇರುವುದಿಲ್ಲ. ಮನೆ ಸಿಗುವುದು ವಾಟಣಿ ಪತ್ರದಲ್ಲಿ. ಅಣ್ಣತಮ್ಮಂದಿರು ಪಾಲಾಗುವಾಗ ಒಂದು ಮೊಳೆಯನ್ನೂ ಬಿಡುವುದಿಲ್ಲ. ಪೂರ್ವದ ಜಗುಲಿ ಇವನಿಗೆ, ಮೆತ್ತಿನ ಉತ್ತರದ ಕೋಣೆ ಅವನಿಗೆ, ಬಚ್ಚಲು ಸಾಮಾಯಿಕ ಅಂತ ಚಕ್ಕುಬಂದಿ ಸಮೇತ ಬರೆದಿರುತ್ತದೆ. ಮನೆಯ ನಕ್ಷೆ ಅಂತ ಬೇರೆ ಬೇಡವೇ ಬೇಡ.

ಸ್ಟ್ಯಾಂಪ್ ಕಾಗದದ ಮೇಲಿನ ತಲೆ ನೋಡಿಯೂ ಕಾಲ ಹೇಳಬಹುದು. ರಾಣಿ ವಿಕ್ಟೋರಿಯಾ 1901ಕ್ಕೆ ತೀರಿಕೊಂಡಳು, ಏಳನೇ ಎಡ್ವರ್ಡ್ 1910ಕ್ಕೆ. ಆಮೇಲೆ 1936ರವರೆಗೆ ಐದನೇ ಜಾರ್ಜ್. ಹಳೇ ದಾಸ್ತಾನು ಸ್ವಲ್ಪ ದಿನ ನಡೆಯುತ್ತಿತ್ತು, ಹಾಗಾಗಿ ವರ್ಷದ ಲೆಕ್ಕಕ್ಕೆ ಅದೊಂದನ್ನೇ ನಂಬಬೇಡಿ.

ಕೆರೆಮೂಲೆ ಮಾಣಿ

ಒಂದು ಕಚೇರಿಗೆ ಹೋಗಿದ್ದೆ. 'ಇವತ್ತು ಸರ್ವರ್ ಇಲ್ಲ' ಅಂದರು. 1912ರ ಕಾಗದಕ್ಕೂ ಸರ್ವರ್ ಬೇಕಂತೆ. ಸೋಮವಾರ ಮತ್ತೆ ಹೋಗುತ್ತೇನೆ.

ಅಘನಾಶಿನಿ ದಂಡೆ

ಗಜಾಯಕ್ಕೆ ಯಾರೂ ಉತ್ತರ ಕೊಡಲಿಲ್ಲವಲ್ಲ. ಅದು ಗಜ ಅಲ್ಲ ಮಾರಾಯರೇ, ಗಜ ಆಯ. ಮನೆಗೆ ಆಯ ಹಾಕುವುದು ಅಂತಾರಲ್ಲ, ಅಳತೆ ಶುಭವೋ ಅಶುಭವೋ ಅಂತ ನೋಡುವ ವಾಸ್ತು ಲೆಕ್ಕ, ಅದು. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಅಂತ ಎಂಟು. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು, ಉಳಿದ ಶೇಷ ಆಯ. ಒಂದು, ಮೂರು, ಐದು, ಏಳು ಒಳ್ಳೆಯವು. 13ನ್ನು 11ರಿಂದ ಗುಣಿಸಿದರೆ 143. ಎಂಟರಿಂದ ಭಾಗಿಸಿದರೆ ಏಳು ಉಳಿಯಿತು. ಏಳನೆಯದು ಗಜ. ಕೆಲವರು ಮೊದಲು ಒಂಬತ್ತರಿಂದ ಗುಣಿಸುತ್ತಾರೆ, ಶೇಷ ಅದೇ ಬರುತ್ತದೆ, ಬೇಕಾದರೆ ಹಾಕಿ ನೋಡಿ.

13, 11 ಅಂದರೆ ಕೋಲು, ಆಚಾರಿಯ ಅಳತೆಕೋಲಿನ ಲೆಕ್ಕ, ಇರಬೇಕು. ಕೋಲಿನ ಉದ್ದ ಆಚಾರಿಯಿಂದ ಆಚಾರಿಗೆ ಕೂದಲೆಳೆಯಷ್ಟು ಬೇರೆ. ನಿಮ್ಮ ಮನೆಯ ಕೋಲು ಎಷ್ಟು ಅಂತ ನಿಮ್ಮ ಗೋಡೆಯೇ ಹೇಳುತ್ತದೆ. ಜಗುಲಿ ಬಿಟ್ಟು ಒಳಮನೆ ಅಳೆಯಿರಿ. ಉದ್ದವನ್ನು 13ರಿಂದ, ಅಗಲವನ್ನು 11ರಿಂದ ಭಾಗಿಸಿ. ಎರಡೂ ಒಂದೇ ಬಂದರೆ ನಾನು ಗೆದ್ದೆ.

ಹೆಂಚಿನ ಹುಚ್ಚ

ಅಳೆಯಲು ಹತ್ತುವಾಗ ಹಿಂದಿನ ಮಾಡಿನ ಹೆಂಚಿನ ಅಡಿಯೂ ನೋಡಿ. ಮೊದಲ ಮಹಾಯುದ್ಧ ಬಂದಾಗ ಬಾಸೆಲ್ ಮಿಶನ್‌ನ ಕಾರ್ಖಾನೆಗಳು ಬ್ರಿಟಿಷ್ ಸರ್ಕಾರದ ವಶಕ್ಕೆ ಹೋದವು. ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿನಲ್ಲಿ ನಡೆದವು. ಹಿಂದಿನ ಮಾಡಿನಲ್ಲಿ ಆ ಹೆಸರಿದ್ದರೆ ಅದು ಯುದ್ಧದ ನಂತರದ್ದು.

ಕಾಳಿನದಿ

ಅಷ್ಟು ಸಲೀಸಾಗಿ ಹೇಳಬೇಡಿ. ಮಂಗ ಹಾರಿ ಒಡೆದ ಹೆಂಚನ್ನು ಪ್ರತಿ ವರ್ಷ ಕೈಯಾಡಿಸುವಾಗ ಬದಲಿಸುತ್ತಾರೆ. ನಮ್ಮ ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹೆಂಚಿದೆ. ಒಂದು ಹೆಂಚು ನೋಡಿ ಮನೆಯ ಜಾತಕ ಬರೆದರೆ 1865ರ ತಪ್ಪೇ ಇನ್ನೊಮ್ಮೆ ಆಗುತ್ತದೆ.

ಹೆಂಚಿನ ಹುಚ್ಚ

ಒಪ್ಪಿದೆ. ಒಂದಲ್ಲ, ಬುಡದಿಂದ ತುದಿಯವರೆಗೆ ಇಪ್ಪತ್ತಾದರೂ ನೋಡಬೇಕು. ಜಾಸ್ತಿ ಯಾವುದಿದೆಯೋ ಅದನ್ನು ಹಿಡಿಯಬೇಕು. ವಹಿಯೂ ಅದನ್ನೇ ಹೇಳಬೇಕು.

ತವರು ಸಿದ್ದಾಪುರ

ತಮ್ಮಾ, ಅಳೆಯುವ ಗಡಿಬಿಡಿಯಲ್ಲಿ ವಹಿ ಬಿಸಿಲಲ್ಲಿ ಒಣಗಿಸಬೇಡ. ಹರಿದಲ್ಲಿ ಸೆಲೊಟೇಪ್ ಹಚ್ಚಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ನಮ್ಮಣ್ಣ ಹಾಗೆ ಮಾಡಿ ಒಂದು ಪತ್ರ ಕಂದು ಬಣ್ಣಕ್ಕೆ ತಿರುಗಿತು. ಮೊದಲು ಎಲ್ಲ ಪುಟದ ಫೋಟೋ ತೆಗೆ, ಖಾಲಿ ಪುಟದ್ದೂ. ಬೆಳಕು ಬದಿಯಿಂದ ಬರಲಿ, ಮಾಸಿದ ಅಕ್ಷರ ಕಾಣುತ್ತದೆ. ಒರಲೆ ಹತ್ತದ ಕಡೆ ಹತ್ತಿ ಬಟ್ಟೆಯಲ್ಲಿ ಸುತ್ತಿಡು.

ಕೆರೆಮೂಲೆ ಮಾಣಿ

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮುಂದಿನ ಒಳಮನೆ ಅಳೆದೆ. ಉದ್ದ 31 ಅಡಿ, ಅಗಲ 26 ಅಡಿ 3 ಇಂಚು. 13ರಿಂದ ಭಾಗಿಸಿದರೆ 28.6 ಇಂಚು. 11ರಿಂದ ಭಾಗಿಸಿದರೂ 28.6! ಕುಮಟಾದವರು ಗೆದ್ದರು. ಅಣ್ಣ ಟೇಪಿನ ಇನ್ನೊಂದು ತುದಿ ಹಿಡಿದಿದ್ದ, ಅವನೂ ಎರಡು ಸಲ ಗುಣಿಸಿ ನೋಡಿದ.

ಮುಂದಿನ ಮಾಡಿನಲ್ಲಿ 20 ಹೆಂಚು ನೋಡಿದೆ, 16 ಬಾಸೆಲ್. ಹಿಂದಿನ ಮಾಡಿನಲ್ಲಿ 20ರಲ್ಲಿ 13 ಕಾಮನ್‌ವೆಲ್ತ್, ಉಳಿದವು ಬೇರೆ ಬೇರೆ. ಮೂರನೇ ವಹಿಯಲ್ಲಿ 'ಹಿಂದಿನ ಮಾಡಿನ ಬಗ್ಗೆ' ಅಂತ ಹೆಂಚಿನ ಖರ್ಚು ಬರುವುದು ರೌದ್ರಿ ಸಂವತ್ಸರದಲ್ಲಿ. 1920. ಅಂದರೆ ಒಂದು ಮನೆಗೆ ಎಂಟು ವರ್ಷ. ಆ ಎಂಟು ವರ್ಷ ಹಿಂದಿನ ಭಾಗ ಸೋಗೆ (ಒಣ ಗರಿ) ಮಾಡಿನಲ್ಲೇ ಇತ್ತು, ಪ್ರತಿ ವರ್ಷ 'ಸೋಗೆ ಹೊದಿಸಿದ ಆಳು' ಅಂತ ಇದೆ. ನಡುವೆ ಕಾಳಯುಕ್ತಿಯ ಭಾದ್ರಪದದಿಂದ ಕಾರ್ತಿಕದವರೆಗೆ ಒಂದು ಸಾಲೂ ಬರೆದಿಲ್ಲ. ಇಸವಿ ತೆಗೆದು ನೋಡಿದರೆ 1918. ಇನ್‌ಫ್ಲುಯೆಂಜಾ ಬಂದ ತಿಂಗಳುಗಳು. ಕಾರ್ತಿಕದ ನಂತರ ಅಕ್ಷರ ಬೇರೆಯವರದ್ದು. ಮುತ್ತಜ್ಜನ ಅಣ್ಣ ಯಾವಾಗ ಹೋದರು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಹಿ ಅಲ್ಲಿಯವರೆಗೆ ಅವರೇ ಬರೆದಿದ್ದರು ಅಂತ ಕಾಣುತ್ತದೆ.

ಇನ್ನೊಂದು ತಮಾಷೆ. ಹಿಂದಿನ ಭಾಗ ಅಳೆದರೆ ಕೋಲಿಗೆ ಹತ್ತಿರ ಬಂದರೂ ಸರಿಯಾಗಿ ಕೂರುವುದಿಲ್ಲ. 24 ಅಡಿ, 12 ಅಡಿ, ಸರಿಯಾಗಿ. ಆ ಎಂಟು ವರ್ಷದೊಳಗೆ ಆಚಾರಿಯ ಕೈಗೆ ಅಡಿಪಟ್ಟಿ ಬಂದಿತ್ತು ಅಂತ ಕಾಣುತ್ತದೆ.

ವಖಾರಿ ಗುಮಾಸ್ತ

ಭೇಷ್. ಮೂರನೇ ವಹಿಯಲ್ಲಿ ಬೆಲ್ಲ ಎಷ್ಟು ಮಣ?

ಕೆರೆಮೂಲೆ ಮಾಣಿ

ಇಲ್ಲ ಗುಮಾಸ್ತರೇ. ಹಬ್ಬಕ್ಕೆ ತಂದ ಐದಾರು ಸೇರು ಬಿಟ್ಟರೆ ಬೆಲ್ಲವೇ ಇಲ್ಲ. ಚಿಪ್ಪಿ ಸುಣ್ಣವೂ ಗೋಡೆಗೆ ಬಳಿಯುವಷ್ಟು ಮಾತ್ರ. ಯುದ್ಧದ ನಂತರ ದರ ಎಲ್ಲ ಏರಿತ್ತು, ಹೆಂಚಿನ ಗಾಡಿ ಬಾಡಿಗೆಯೇ '೪|' ಆಗಿದೆ. 'ಕೆಸರು ಕಲೆಸಿದ ಆಳು' ಅಂತ ಹದಿನಾಲ್ಕು ಸಾಲು ಇದೆ. ಹಿಂದಿನ ಗೋಡೆಯನ್ನು ಬರೀ ಮಣ್ಣಿನಲ್ಲಿ ಕಟ್ಟಿದ್ದಾರೆ.

ಈಗ ಬೀಳುತ್ತಿರುವುದೂ ಅದೇ ಗೋಡೆ. ಅಣ್ಣನಿಗೆ ಓದಿ ಹೇಳಿದೆ. ಮುಂದಿನ ಭಾಗ ಮುಟ್ಟುವುದು ಬೇಡ ಅಂದ. ಮೇಸ್ತ್ರಿ ಬುಧವಾರ ಬರುತ್ತಾರೆ, ಹಿಂದಿನದಕ್ಕೆ ಮಾತ್ರ.